ಹಾಸಿಗೆಯ ಲೆಕ್ಕ, ಆರೈಕೆಯ ಲೆಕ್ಕ: ವಾರ್ಡಿಗೆ ಎಷ್ಟು ನರ್ಸ್‌ಗಳು ಬೇಕು?

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರ 220 ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಇದುವರೆಗೆ ಸಾಮಾನ್ಯ ವಾರ್ಡುಗಳಲ್ಲಿ ಆರು ರೋಗಿಗಳಿಗೆ ಒಬ್ಬ ನರ್ಸ್ ಎಂಬ ಲೆಕ್ಕದಲ್ಲಿ ಡ್ಯೂಟಿ ಹಾಕುತ್ತಿದ್ದೇವೆ. ಈಗ ಆಡಳಿತದವರು ರೋಗಿಗಳ ಅಕ್ಯುಟಿ, ಅಂದರೆ ಯಾರಿಗೆ ಎಷ್ಟು ಆರೈಕೆ ಬೇಕು ಎಂಬುದನ್ನು ಅಳೆದು ನರ್ಸ್‌ಗಳನ್ನು ಹಂಚುವ ಸಾಫ್ಟ್‌ವೇರ್ ತರುತ್ತಿದ್ದಾರೆ. ರಾತ್ರಿ ಪಾಳಿಯಲ್ಲಿ ಇರುವ ‘ಹೆಚ್ಚುವರಿ’ಯನ್ನು ಇದು ತೋರಿಸಿಕೊಡುತ್ತದೆ ಎಂಬುದು ಅವರ ನಿರೀಕ್ಷೆ. ಇನ್‌ಚಾರ್ಜ್ ಸಿಸ್ಟರ್‌ಗಳು ತುಂಬಬೇಕಾದ ಫಾರಂ ಮತ್ತೊಂದು ಹೆಚ್ಚಿತು ಎನ್ನುತ್ತಾರೆ. ಇಂಥ ವ್ಯವಸ್ಥೆಯಿಂದ ನಿಜವಾದ ಪ್ರಯೋಜನ ಇದೆಯೇ? ಯಾವುದನ್ನು ಆರಿಸಬೇಕು, ಹೇಗೆ ಆರಂಭಿಸಬೇಕು?

ಉತ್ತರ: ಪ್ರಯೋಜನ ಇದೆ. ಆದರೆ ಅಕ್ಯುಟಿ ವ್ಯವಸ್ಥೆ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು, ಆ ಎರಡನ್ನೂ ಒಂದೇ ಎಂದು ಭಾವಿಸಿದ ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ಹಾಳಾಗುತ್ತದೆ. ಮೊದಲನೆಯದು ಈ ವಾರ್ಡಿಗೆ ವರ್ಷವಿಡೀ ಎಷ್ಟು ಹುದ್ದೆಗಳು ಬೇಕು ಎಂಬ ಪ್ರಶ್ನೆ. ಎರಡನೆಯದು ಇರುವ ನರ್ಸ್‌ಗಳಲ್ಲಿ ಈ ಪಾಳಿಗೆ ಯಾರನ್ನು ಎಲ್ಲಿ ಹಾಕಬೇಕು ಎಂಬುದು. ಸಾಫ್ಟ್‌ವೇರ್ ಮಾರುವವರು ಪರದೆಯ ಮೇಲೆ ತೋರಿಸುವುದು ಎರಡನೆಯದನ್ನು. ನಿಮ್ಮ ಪತ್ರವನ್ನು ಓದಿದರೆ ನಿಮ್ಮ ತೊಂದರೆ ಮೊದಲನೆಯದರಲ್ಲಿ ಇರುವಂತೆ ನನಗೆ ಕಾಣುತ್ತದೆ. ಹುದ್ದೆಗಳೇ ಸಾಲದಿರುವಲ್ಲಿ ಪ್ರತಿ ಪಾಳಿಗೂ ಅಂಕ ಹಾಕಿ ನರ್ಸ್‌ಗಳನ್ನು ಅತ್ತಿತ್ತ ಕಳುಹಿಸಿದರೆ ಕೊರತೆ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸರಿಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲು ಆರಕ್ಕೆ ಒಬ್ಬರು ಎಂಬ ಲೆಕ್ಕವನ್ನೇ ನೋಡೋಣ. ಕೇಂದ್ರ ಸರ್ಕಾರದ ಸಿಬ್ಬಂದಿ ತಪಾಸಣಾ ಘಟಕದ ಮಾನದಂಡದಲ್ಲಿ ಸಾಮಾನ್ಯ ವಾರ್ಡಿಗೆ 1:6, ತೀವ್ರ ನಿಗಾ ಘಟಕಕ್ಕೆ 1:1 ಎಂದಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗೆ 1:3, ಇತರ ಆಸ್ಪತ್ರೆಗೆ 1:5, ಅದರ ಮೇಲೆ ಶೇ. 30ರಷ್ಟು ರಜೆ ಮೀಸಲು ಎನ್ನುತ್ತದೆ. ಇಂಥ ಅನುಪಾತವನ್ನು ಯಾರಾದರೂ ಮುಂದಿಟ್ಟಾಗ ಕೇಳಬೇಕಾದ ಮೊದಲ ಮಾತು, ಅದು ಹುದ್ದೆಗಳ ಲೆಕ್ಕವೋ, ಪಾಳಿಯಲ್ಲಿ ಎದುರಿಗೆ ನಿಂತಿರುವವರ ಲೆಕ್ಕವೋ ಎಂಬುದು. 30 ಹಾಸಿಗೆಯ ವಾರ್ಡಿಗೆ 1:5 ಎಂಬುದನ್ನು ಹಾಸಿಗೆಗೆ ತಕ್ಕ ಹುದ್ದೆ ಎಂದು ಓದಿದರೆ ಒಟ್ಟು ಆರು ಮಂದಿ ಸಿಗುತ್ತಾರೆ, ಅಂದರೆ ರಜೆ, ವಾರದ ಬಿಡುವು ಕಳೆದು ಪಾಳಿಗೆ ಇಬ್ಬರೂ ಉಳಿಯುವುದಿಲ್ಲ. ಅದನ್ನೇ ಪ್ರತಿ ಪಾಳಿಗೆ ಎಂದು ಓದಿದರೆ ದಿನಕ್ಕೆ 18 ಪಾಳಿಗಳನ್ನು ತುಂಬಬೇಕು. ವಾರಕ್ಕೊಂದು ಬಿಡುವು, ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ ರಜೆ, ತರಬೇತಿ ಎಲ್ಲವನ್ನೂ ಕಳೆದು ಒಬ್ಬ ನರ್ಸ್ ವರ್ಷಕ್ಕೆ 270 ದಿನ ಕೆಲಸಕ್ಕೆ ಸಿಗುತ್ತಾರೆ ಎಂದುಕೊಂಡರೆ, ಆ 18 ಪಾಳಿಗಳಿಗೆ ಸುಮಾರು 24 ಹುದ್ದೆಗಳು ಬೇಕಾಗುತ್ತವೆ. ಆಡಳಿತದವರೂ ನರ್ಸಿಂಗ್ ವಿಭಾಗದವರೂ ಒಂದೇ ಅನುಪಾತವನ್ನು ಹೇಳುತ್ತ ಆರು ಮತ್ತು ಇಪ್ಪತ್ತನಾಲ್ಕರ ನಡುವೆ ವರ್ಷಗಟ್ಟಲೆ ಜಗ್ಗಾಡುವುದನ್ನು ನಾನು ಕಂಡಿದ್ದೇನೆ. ಸಾಫ್ಟ್‌ವೇರ್ ಕೊಳ್ಳುವ ಮೊದಲು ಈ ಒಂದು ಅಂಶವನ್ನು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ಅನುಪಾತಕ್ಕೆ ಅದರದೇ ಆದ ಬೆಲೆ ಇದೆ. ಲಿಂಡಾ ಏಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿದ್ದುದು ಕಂಡುಬಂತು. ಆದರೆ ಅನುಪಾತ ಎಲ್ಲ ರೋಗಿಗಳನ್ನೂ ಒಂದೇ ಎಂದು ಎಣಿಸುತ್ತದೆ. ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ನಾಳೆ ಮನೆಗೆ ಹೋಗುವ ಆರು ಮಂದಿಯೂ, ಪಾರ್ಶ್ವವಾಯುವಾಗಿ ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುತ್ತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಆರು ಮಂದಿಯೂ ಅದರ ಕಣ್ಣಿಗೆ ಸಮಾನರು. ನಿಮ್ಮ ಆಡಳಿತದವರ ಮುಂದೆ ಇಡಲು ಇದಕ್ಕಿಂತ ಹರಿತವಾದ ಸಾಕ್ಷ್ಯ, ಜ್ಯಾಕ್ ನೀಡಲ್‌ಮನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ಆಸ್ಪತ್ರೆಗಳನ್ನು ಪರಸ್ಪರ ಹೋಲಿಸಲಿಲ್ಲ. ಅಮೆರಿಕದ ಒಂದೇ ದೊಡ್ಡ ಆಸ್ಪತ್ರೆಯ 43 ಘಟಕಗಳ 1,76,696 ಪಾಳಿಗಳನ್ನು ತೆಗೆದುಕೊಂಡು, ಆ ಆಸ್ಪತ್ರೆಯದೇ ಅಕ್ಯುಟಿ ವ್ಯವಸ್ಥೆ ಬೇಕೆಂದ ನರ್ಸ್ ಗಂಟೆಗಳನ್ನು ನಿಜವಾಗಿ ಒದಗಿದ ಗಂಟೆಗಳೊಂದಿಗೆ ಪಾಳಿ ಪಾಳಿಯಾಗಿ ಹೋಲಿಸಿದರು. ಎಂಟು ಗಂಟೆ, ಅಂದರೆ ಒಬ್ಬ ನರ್ಸ್‌ನಷ್ಟು, ಅಥವಾ ಅದಕ್ಕಿಂತ ಹೆಚ್ಚು ಕೊರತೆಯಿದ್ದ ಪ್ರತಿಯೊಂದು ಪಾಳಿಯನ್ನು ರೋಗಿ ಹಾದುಹೋದಂತೆ ಸಾವಿನ ಅಪಾಯ ಶೇ. 2ರಷ್ಟು ಏರುತ್ತಿತ್ತು. ದಾಖಲಾತಿ, ವರ್ಗಾವಣೆ, ಡಿಸ್ಚಾರ್ಜ್‌ಗಳ ಓಡಾಟ ಬಹಳ ಹೆಚ್ಚಿದ್ದ ಪಾಳಿಗಳಲ್ಲಿ ಏರಿಕೆ ಶೇ. 4. ಒಳ್ಳೆಯ ಹೆಸರಿದ್ದ, ಸಾಮಾನ್ಯವಾಗಿ ಸಾಕಷ್ಟು ನರ್ಸ್‌ಗಳಿದ್ದ ಆಸ್ಪತ್ರೆಯಲ್ಲೇ ಹೀಗಾಗಿತ್ತು ಎಂಬುದನ್ನು ಗಮನಿಸಬೇಕು.

ಇನ್ನು ಆಯ್ಕೆಯ ವಿಷಯ. ರೋಗಿಗಳನ್ನು ಆರೈಕೆಯ ಅಗತ್ಯಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ 1960ರ ದಶಕದ ಆರಂಭದಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಕ್ರಮಬದ್ಧವಾಗಿ ನಡೆಯಿತು. ಆಮೇಲೆ ಬಂದ ಸಾಧನಗಳನ್ನೆಲ್ಲ ಎರಡು ಜಾತಿಗೆ ಸೇರಿಸಬಹುದು. ಒಂದರಲ್ಲಿ ನಾಲ್ಕೈದು ಮಟ್ಟಗಳ ವಿವರಣೆ ಕೊಟ್ಟಿರುತ್ತಾರೆ, ರೋಗಿ ಯಾವ ವಿವರಣೆಗೆ ಹತ್ತಿರ ಎಂದು ಒಟ್ಟಾರೆ ನೋಡಿ ನಿರ್ಧರಿಸಬೇಕು. ಇನ್ನೊಂದರಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ಗುರುತಿಸಿ ಅಂಕಗಳನ್ನು ಕೂಡಿಸಬೇಕು. ಎರಡನೆಯದು ನೋಡಲು ಹೆಚ್ಚು ನಿಖರವೆನಿಸಿದರೂ 30 ಹಾಸಿಗೆಯ ವಾರ್ಡಿನಲ್ಲಿ ದಿನವೂ ಅದನ್ನು ಪ್ರಾಮಾಣಿಕವಾಗಿ ತುಂಬುವವರನ್ನು ಹುಡುಕುವುದು ಕಷ್ಟ. ಆದ್ದರಿಂದ ಸಾಮಾನ್ಯ ವಾರ್ಡಿಗೆ ಮೊದಲ ಜಾತಿಯದನ್ನು, ಐಸಿಯುಗೆ ಎರಡನೆಯದನ್ನು ನಾನು ಸೂಚಿಸುತ್ತೇನೆ.

ಮೊದಲ ಜಾತಿಯಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ಬಳಸುವ ಸೇಫರ್ ನರ್ಸಿಂಗ್ ಕೇರ್ ಟೂಲ್ ಕಲಿಯಲು ಸುಲಭ. ಅದರ ಹಳೆಯ ಆವೃತ್ತಿಯಲ್ಲಿ ಐದು ಮಟ್ಟಗಳಿದ್ದವು. ವಾರ್ಡಿನ ಮಾಮೂಲು ಆರೈಕೆ ಸಾಕಾದವರು 0. ಸ್ಥಿತಿ ಏರುಪೇರಾಗುತ್ತಿರುವ ಅಥವಾ ಹದಗೆಡುವ ಸಂಭವವಿರುವ ರೋಗಿಗಳು 1ಎ. ಸ್ಥಿತಿ ಸ್ಥಿರವಾಗಿದ್ದರೂ ಊಟ, ಸ್ನಾನ, ಮಲಮೂತ್ರ, ಓಡಾಟಗಳೆಲ್ಲಕ್ಕೂ ಬೇರೆಯವರನ್ನೇ ಅವಲಂಬಿಸಿದವರು 1ಬಿ. ಒಂದು ಅಂಗಕ್ಕೆ ಯಂತ್ರದ ಅಥವಾ ವಿಶೇಷ ಚಿಕಿತ್ಸೆಯ ಆಸರೆ ಬೇಕಾದವರು 2, ವೆಂಟಿಲೇಟರ್ ಅಥವಾ ಹಲವು ಅಂಗಗಳಿಗೆ ಆಸರೆ ಬೇಕಾದವರು 3. ಪ್ರತಿ ಮಟ್ಟಕ್ಕೂ ಇಷ್ಟು ಪೂರ್ಣಾವಧಿ ಸಿಬ್ಬಂದಿ ಎಂಬ ಗುಣಕವಿದೆ. ಸಾಮಾನ್ಯ ವಾರ್ಡುಗಳಿಗಾಗಿ ಪ್ರಕಟವಾದ ಹಳೆಯ ಆವೃತ್ತಿಯಲ್ಲಿ ಮೊದಲ ನಾಲ್ಕು ಮಟ್ಟಗಳಿಗೆ ಕ್ರಮವಾಗಿ 0.99, 1.39, 1.72, 1.97 ಎಂದಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1ಬಿಯ ಗುಣಕ 1ಎಗಿಂತ ದೊಡ್ಡದು. ರೌಂಡ್ಸಿಗೆ ಬಂದ ವೈದ್ಯರು ‘ಸ್ಟೇಬಲ್’ ಎಂದು ಬರೆದು ಮುಂದೆ ಹೋದ ಆ ಅಜ್ಜಿ, ಎಲ್ಲರೂ ಸುತ್ತುವರಿದು ನೋಡುತ್ತಿರುವ ಜ್ವರದ ರೋಗಿಗಿಂತ ಹೆಚ್ಚು ನರ್ಸಿಂಗ್ ಸಮಯವನ್ನು ಬೇಡುತ್ತಾರೆ. ರೋಗದ ತೀವ್ರತೆಯನ್ನು ಅಳೆಯುವ ಅಪಾಚೆ, ಸೋಫಾ ಎಂಬ ಐಸಿಯುವಿನ ಅಂಕಗಳು, ಅಥವಾ ಅಪಾಯದ ಮುನ್ಸೂಚನೆ ಕೊಡುವ ವಾರ್ಡಿನ ಎಚ್ಚರಿಕೆ ಅಂಕಗಳು ತಮ್ಮ ಉದ್ದೇಶಕ್ಕೆ ಒಳ್ಳೆಯವೇ. ಆದರೆ ನರ್ಸ್‌ಗಳ ಸಂಖ್ಯೆಯನ್ನು ಅವುಗಳಿಂದ ತೀರ್ಮಾನಿಸಿದರೆ ಈ ಅಜ್ಜಿ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ನಿಮಗೆ ಕೊಡಲಿರುವ ಸಾಫ್ಟ್‌ವೇರ್ ಅಂಕವನ್ನು ಯಾವುದರಿಂದ ತೆಗೆಯುತ್ತದೆ ಎಂದು ವಿಚಾರಿಸಿ. ಲ್ಯಾಬ್ ವರದಿ, ನಾಡಿ, ರಕ್ತದೊತ್ತಡಗಳಿಂದಲೇ ತನ್ನಿಂದ ತಾನೇ ತೆಗೆಯುತ್ತದೆ ಎಂದಾದರೆ ನಾನು ಅದನ್ನು ಒಪ್ಪುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಮೆಡಿಕಲ್ ವಾರ್ಡಿನಲ್ಲಿ 28 ರೋಗಿಗಳಿದ್ದಾರೆ, ಅವರಲ್ಲಿ 12 ಮಂದಿ 0, ಏಳು ಮಂದಿ 1ಎ, ಏಳು ಮಂದಿ 1ಬಿ, ಇಬ್ಬರು 2 ಎಂದಿಟ್ಟುಕೊಳ್ಳಿ. ಗುಣಕಗಳಿಂದ ಗುಣಿಸಿ ಕೂಡಿಸಿದರೆ ಸುಮಾರು 37.6 ಬರುತ್ತದೆ. ಆ 28 ಮಂದಿಯೂ ಮಟ್ಟ 0ರಲ್ಲಿದ್ದರೆ 27.7 ಸಾಕಾಗುತ್ತಿತ್ತು. ಹಾಸಿಗೆಯ ಲೆಕ್ಕಕ್ಕೆ ಕಾಣದ ಹತ್ತು ಮಂದಿಯ ವ್ಯತ್ಯಾಸ ಇದು. ಆದರೆ ಈ 37.6ನ್ನು ಹಾಗೆಯೇ ತೆಗೆದುಕೊಂಡು ಆಡಳಿತದವರ ಬಳಿ ಹೋಗಬೇಡಿ. ಆ ಗುಣಕಗಳು ನೋಂದಾಯಿತ ನರ್ಸ್‌ಗಳ ಜೊತೆ ಸಹಾಯಕ ಸಿಬ್ಬಂದಿಯನ್ನೂ ಸೇರಿಸಿದ ಇಡೀ ತಂಡದವು, ವಾರಕ್ಕೆ 37.5 ಗಂಟೆಯ ದುಡಿಮೆಯನ್ನೂ ಅಲ್ಲಿನ ರಜೆಯ ಪ್ರಮಾಣವನ್ನೂ ಆಧರಿಸಿದವು. ನಮ್ಮಲ್ಲಿ ವಾರಕ್ಕೆ 48 ಗಂಟೆ ದುಡಿಯುವವರಿದ್ದಾರೆ, ಆಯಾ ಮತ್ತು ವಾರ್ಡ್ ಬಾಯ್‌ಗಳ ಕೆಲಸದ ಹಂಚಿಕೆಯೇ ಬೇರೆ. ಮಟ್ಟಗಳ ವಿವರಣೆಯನ್ನು ಎರವಲು ಪಡೆಯಬಹುದು, ಗುಣಕಗಳನ್ನು ನಾವೇ ಕಂಡುಕೊಳ್ಳಬೇಕು.

ನಮ್ಮ ವಾರ್ಡುಗಳಲ್ಲಿ ಇನ್ನೊಂದು ತೊಡಕಿದೆ, ವಿದೇಶದ ಯಾವ ಸಾಧನವೂ ಅದನ್ನು ಊಹಿಸಿಲ್ಲ. ರೋಗಿಯ ಜೊತೆಗಿರುವವರು ಊಟ ಮಾಡಿಸುತ್ತಾರೆ, ಬೆಡ್‌ಪ್ಯಾನ್ ಇಡುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಡ್ರಿಪ್ ಮುಗಿಯಿತೆಂದು ಓಡಿಬಂದು ಹೇಳುತ್ತಾರೆ, ಔಷಧಿ ಚೀಟಿ ಹಿಡಿದು ಫಾರ್ಮಸಿಗೆ ಹೋಗುತ್ತಾರೆ. ‘ಮಗಳು ಜೊತೆಗಿದ್ದಾಳೆ, ಆದ್ದರಿಂದ 0’ ಎಂದು ಅಂಕ ಹಾಕಿದ ದಿನವೇ ನಿಮ್ಮ ಮಾಹಿತಿ ಕೆಟ್ಟಿತು. ಕೆಲಸವನ್ನು ಯಾರು ಮಾಡಿದರು ಎಂಬುದನ್ನು ಬದಿಗಿಟ್ಟು, ರೋಗಿಗೆ ಏನು ಬೇಕಾಗಿತ್ತು ಎಂಬುದಕ್ಕೆ ಅಂಕ ಹಾಕಬೇಕು. ಜೊತೆಗಿರುವವರು ಮಾಡಿದ್ದನ್ನು ಬೇರೆ ಕಂಬಸಾಲಿನಲ್ಲಿ ಗುರುತಿಸಿಡಿ. ಅವರಿಗೆ ಕಲಿಸುವುದು, ಅವರ ಪ್ರಶ್ನೆಗಳಿಗೆ ಉತ್ತರಿಸುವುದು, ನುಂಗಲಾಗದ ರೋಗಿಗೆ ಪ್ರೀತಿಯಿಂದ ಗಂಜಿ ಕುಡಿಸಲು ಹೊರಟವರನ್ನು ತಡೆಯುವುದು, ಇವೆಲ್ಲವೂ ನರ್ಸ್‌ನ ಸಮಯವೇ. ರಾತ್ರಿ ಹತ್ತರ ಮೇಲೆ ಜೊತೆಗಿರುವವರು ನಿದ್ದೆ ಹೋದಾಗ ಅವರು ಹೊತ್ತಿದ್ದ ಕೆಲಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆ ಕಂಬಸಾಲು ಒಂದು ತಿಂಗಳಲ್ಲಿ ತೋರಿಸಿಕೊಡುತ್ತದೆ.

ಸ್ವಂತ ಗುಣಕಗಳನ್ನು ಕಂಡುಕೊಳ್ಳಲು ಸ್ಟಾಪ್‌ವಾಚ್ ಹಿಡಿದವರನ್ನು ವಾರ್ಡಿಗೆ ಬಿಡುವುದು ಒಂದು ಹಾದಿ. ನನಗೆ ಹೆಚ್ಚು ಒಪ್ಪಿಗೆಯಾದದ್ದು ಫಿನ್ಲೆಂಡಿನ ರಫೇಲಾ ವ್ಯವಸ್ಥೆಯ ಹಾದಿ. ಅಲ್ಲಿ ಪ್ರತಿ ರೋಗಿಗೂ ದಿನಕ್ಕೊಮ್ಮೆ ಆರು ವಿಷಯಗಳಲ್ಲಿ ಒಂದರಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ: ಆರೈಕೆಯ ಯೋಜನೆ, ಉಸಿರಾಟ ಮತ್ತು ರಕ್ತಪರಿಚಲನೆ, ಆಹಾರ ಮತ್ತು ಔಷಧಿ, ಶುಚಿತ್ವ ಮತ್ತು ವಿಸರ್ಜನೆ, ಚಲನೆ ಮತ್ತು ನಿದ್ದೆ, ತಿಳಿವಳಿಕೆ ಹೇಳುವುದು ಮತ್ತು ಮನಸ್ಸಿಗೆ ಆಸರೆ. ಹಾಗಾಗಿ ಒಬ್ಬ ರೋಗಿಗೆ ಕನಿಷ್ಠ 6, ಗರಿಷ್ಠ 24. ವಾರ್ಡಿನ ಒಟ್ಟು ಅಂಕಗಳನ್ನು ಆ ದಿನ ಕೆಲಸ ಮಾಡಿದ ನರ್ಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಹೊರೆ ಸಿಗುತ್ತದೆ. ಇದರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಕೆಲವು ವಾರಗಳ ಕಾಲ ಪ್ರತಿ ನರ್ಸ್ ಪಾಳಿ ಮುಗಿಸುವಾಗ, ಇಂದು ಒಳ್ಳೆಯ ಆರೈಕೆ ಕೊಡಲು ಸಾಧ್ಯವಾಯಿತೇ, ಹೊರೆ ಹೆಚ್ಚಾಯಿತೇ, ಕಡಿಮೆಯಿತ್ತೇ ಎಂದು ಏಳು ಮೆಟ್ಟಿಲುಗಳ ಅಳತೆಯಲ್ಲಿ ಗುರುತಿಸುತ್ತಾರೆ. ಆ ಅಭಿಪ್ರಾಯವನ್ನೂ ಅಂಕಗಳನ್ನೂ ಜೋಡಿಸಿ ನೋಡಿದಾಗ ಆ ವಾರ್ಡಿಗೆ ತಕ್ಕ ಹೊರೆ ಎಷ್ಟು ಎಂಬುದು ಹೊರಬರುತ್ತದೆ, ಅದರಿಂದ ಶೇ. 15 ಆಚೀಚೆ ಇದ್ದರೆ ಸರಿ ಎಂದು ಇಟ್ಟುಕೊಳ್ಳುತ್ತಾರೆ. ಈ ಮಿತಿ ಮೀರಿದ ದಿನಗಳಲ್ಲಿ ರೋಗಿಗಳಿಗೆ ತೊಂದರೆಯಾದ ಪ್ರಸಂಗಗಳೂ ಸಾವುಗಳೂ ಹೆಚ್ಚಿದ್ದವು ಎಂದು 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ತೋರಿಸಿದೆ. ಬೇರೊಂದು ದೇಶದ ನಿಮಿಷಗಳನ್ನು ನಂಬುವುದಕ್ಕಿಂತ ನಿಮ್ಮದೇ ವಾರ್ಡಿನ ಅನುಭವಿ ಸಿಸ್ಟರ್‌ಗಳ ತೀರ್ಪನ್ನು ಹೀಗೆ ಅಂಕಿಗೆ ಇಳಿಸುವುದು ಮೇಲು. ಅದಕ್ಕೆ ಎಕ್ಸೆಲ್ ಹಾಳೆ ಸಾಕು.

ಐಸಿಯುಗೆ ನರ್ಸಿಂಗ್ ಆಕ್ಟಿವಿಟೀಸ್ ಸ್ಕೋರ್ ಎಂಬ, 2003ರಲ್ಲಿ ಪ್ರಕಟವಾದ, 23 ಅಂಶಗಳ ಸಾಧನ ಇದೆ. ಅದರ 100 ಅಂಕ ಎಂದರೆ 24 ಗಂಟೆ ಒಬ್ಬ ನರ್ಸ್‌ನ ಪೂರ್ತಿ ಸಮಯ, ಒಂದು ಅಂಕ ಎಂದರೆ 14.4 ನಿಮಿಷ. ಗರಿಷ್ಠ ಅಂಕ 177 ಆಗಿರುವುದರಿಂದ ಒಬ್ಬರು ಸಾಲದ ರೋಗಿಯೂ ಇರುತ್ತಾರೆ ಎಂಬುದನ್ನು ಅದು ಒಪ್ಪಿಕೊಂಡೇ ಹೊರಟಿದೆ.

ಅಂಕಗಳು ಹಿಡಿಯದ ಒಂದು ಸಂಗತಿ ರೋಗಿಗಳ ಹೋಗು-ಬರುವು. ಬೆಳಿಗ್ಗೆ ಡಿಸ್ಚಾರ್ಜ್ ಎಂದು ಬರೆದವರು ವಿಮೆಯ ಒಪ್ಪಿಗೆ ಬರುವವರೆಗೆ ಸಂಜೆಯ ತನಕ ಹಾಸಿಗೆಯಲ್ಲೇ ಇರುತ್ತಾರೆ, ಅವರು ಏಳುವ ಹೊತ್ತಿಗೆ ಅದೇ ಹಾಸಿಗೆಗೆ ಹೊಸಬರು ಬಂದಿರುತ್ತಾರೆ. ನಡುರಾತ್ರಿ ಎಣಿಸಿದರೆ ಒಂದು ಹಾಸಿಗೆಗೆ ಒಬ್ಬರೇ ರೋಗಿ. ಆ ದಿನ ನರ್ಸ್ ಇಬ್ಬರಿಗೆ ದುಡಿದಿರುತ್ತಾರೆ. ಹೊಸ ದಾಖಲಾತಿ, ಡಿಸ್ಚಾರ್ಜ್, ಥಿಯೇಟರಿಗೆ ಕಳುಹಿಸಿ ಕರೆತರುವುದು, ಸ್ಕ್ಯಾನಿಂಗಿಗೆ ಜೊತೆಗೆ ಹೋಗುವುದು ಇವಕ್ಕೆ ಬೇರೆ ಅಂಕ ಇಡಿ. ನೀಡಲ್‌ಮನ್ ಅಧ್ಯಯನದಲ್ಲಿ ಇದೇ ಓಡಾಟಕ್ಕೆ ಹೆಚ್ಚಿನ ಅಪಾಯ ಅಂಟಿಕೊಂಡಿತ್ತು ಎಂಬುದನ್ನು ಮೇಲೆ ಹೇಳಿದ್ದೇನೆ.

ಅಂಕಗಳು ಸೇರಿದ ಮೇಲೆ ಹುದ್ದೆಗಳನ್ನು ಸರಾಸರಿಗೆ ನಿಗದಿ ಮಾಡುವ ಆಸೆ ಆಡಳಿತಕ್ಕೆ ಹುಟ್ಟುತ್ತದೆ. ಸರಾಸರಿಗೆ ನಿಗದಿ ಮಾಡಿದರೆ ಸರಿಸುಮಾರು ಅರ್ಧದಷ್ಟು ದಿನ ನಿಮಗೆ ಕೊರತೆಯೇ ಇರುತ್ತದೆ. ಬೆಡ್ ಸೋರ್, ತಪ್ಪಿದ ಔಷಧಿ, ಗಮನಕ್ಕೆ ಬಾರದೆ ಕುಸಿದ ರೋಗಿ, ಈ ಹಾನಿಗಳು ಹೊರೆ ಹೆಚ್ಚಾದ ದಿನಗಳಲ್ಲಿ ಆಗುತ್ತವೆ. ಹೊರೆ ಕಡಿಮೆಯಿದ್ದ ದಿನ ಅವನ್ನು ತುಂಬಿಕೊಡುವುದಿಲ್ಲ. ಖಾಯಂ ಸಿಬ್ಬಂದಿಯನ್ನು ಕಡಿಮೆ ಇಟ್ಟುಕೊಂಡು ಬೇಕಾದಾಗ ಬೇರೆಡೆಯಿಂದ ತುಂಬುತ್ತೇವೆ ಎಂಬ ಯೋಜನೆಯನ್ನು ಸೌತಾಂಪ್ಟನ್ ವಿಶ್ವವಿದ್ಯಾಲಯದ ಪೀಟರ್ ಗ್ರಿಫಿತ್ಸ್ ಮತ್ತು ಸಂಗಡಿಗರು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಮೇಲ್ನೋಟಕ್ಕೆ ಅಗ್ಗವೆನಿಸುವ ಆ ಯೋಜನೆಯಲ್ಲಿ ಕೊರತೆಯ ಪಾಳಿಗಳು ಹೆಚ್ಚಾದವು. ಖಾಯಂ ಸಿಬ್ಬಂದಿಯ ಸಂಖ್ಯೆಯನ್ನು ಸರಾಸರಿಗಿಂತ ಮೇಲಿಟ್ಟ ವಾರ್ಡುಗಳು ಖರ್ಚಿಗೆ ತಕ್ಕ ಫಲ ಕೊಡುವಂತೆ ಕಂಡವು. ಬೇಕೆಂದಾಗ ಕಳುಹಿಸಿಕೊಡುವ ಏಜೆನ್ಸಿಗಳು ವಿರಳವಾಗಿರುವ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಆ ಯೋಜನೆಯನ್ನು ನೆಚ್ಚಿಕೊಳ್ಳಲು ಇನ್ನೂ ಕಡಿಮೆ ಕಾರಣವಿದೆ.

ಪಾಳಿವಾರು ಹಂಚಿಕೆಗೆ ಅಂಕಗಳನ್ನು ಬಳಸುವುದಾದರೆ ಒಂದು ಷರತ್ತು ಹಾಕಿ. ಅಂಕ ಮಿತಿ ಮೀರಿದೆ ಎಂದು ಗೊತ್ತಾದ ಅರ್ಧ ಗಂಟೆಯೊಳಗೆ ಒಬ್ಬರನ್ನು ಕಳುಹಿಸುವ, ಅದಾಗದಿದ್ದರೆ ಆ ವಾರ್ಡಿಗೆ ಹೊಸ ದಾಖಲಾತಿ ನಿಲ್ಲಿಸುವ ಅಧಿಕಾರ ಪಾಳಿಯ ಮೇಲ್ವಿಚಾರಕಿಗೆ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ನಿಮ್ಮ ಇನ್‌ಚಾರ್ಜ್ ಸಿಸ್ಟರ್‌ಗಳು ಹೇಳುವುದೇ ಸರಿ, ಅದು ಮತ್ತೊಂದು ಫಾರಂ. ಕಳುಹಿಸುವಾಗ ತಲೆ ಎಣಿಸಿದರೆ ಸಾಲದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೊನ್ನೆ ತಾನೇ ಸೇರಿದ ಹುಡುಗಿ, ಹತ್ತು ವರ್ಷ ಅದೇ ವಾರ್ಡಿನಲ್ಲಿ ಪಳಗಿದವರು, ಹೆರಿಗೆ ವಾರ್ಡಿನಿಂದ ಮೂಳೆ ವಾರ್ಡಿಗೆ ಎರವಲು ಬಂದವರು, ಮೂವರೂ ಒಂದೊಂದು ಅಂಕಿಯಲ್ಲ. ವಿದ್ಯಾರ್ಥಿನಿಯರನ್ನಂತೂ ಎಣಿಕೆಗೆ ಸೇರಿಸಲೇಬಾರದು.

ಅಂಕಗಳು ಕ್ರಮೇಣ ಉಬ್ಬುತ್ತವೆ ಎಂಬ ದೂರು ಈ ವ್ಯವಸ್ಥೆಗಳಷ್ಟೇ ಹಳೆಯದು. ಹೆಚ್ಚು ಅಂಕ ಹಾಕಿದರೆ ಹೆಚ್ಚು ಜನ ಸಿಗುತ್ತಾರೆ ಎಂದಾದಾಗ ಉಬ್ಬುವುದು ಸಹಜ. ಸಿಬ್ಬಂದಿ ನಿಜಕ್ಕೂ ಸಾಲದಿರುವಾಗ ಅದು ಒಂದು ದೂರಿನ ಅರ್ಜಿಯೂ ಹೌದು ಎಂಬುದು ನನ್ನ ಅಭಿಪ್ರಾಯ. ರಫೇಲಾದಲ್ಲಿ ಇದಕ್ಕೆ ಸರಳ ಉಪಾಯವಿದೆ. ಒಂದೇ ರೋಗಿಗೆ ಇಬ್ಬರು ನರ್ಸ್‌ಗಳು ಪರಸ್ಪರ ನೋಡದೆ ಅಂಕ ಹಾಕುತ್ತಾರೆ, ಇಬ್ಬರ ಅಂಕಗಳು ಶೇ. 70ಕ್ಕಿಂತ ಕಡಿಮೆ ಹೊಂದಿದರೆ ಆ ವಾರ್ಡಿಗೆ ಮತ್ತೆ ತರಬೇತಿ. ಆರು ತಿಂಗಳಿಗೊಮ್ಮೆ ಬೇರೆ ವಾರ್ಡಿನವರಿಂದ ಹೀಗೆ ಮಾಡಿಸಿ.

ಕೊನೆಗೆ ರಾತ್ರಿಯ ‘ಹೆಚ್ಚುವರಿ’. ಕ್ಯಾಲಿಫೋರ್ನಿಯಾದ ಉದಾಹರಣೆಯನ್ನು ಆಡಳಿತದವರಿಗೆ ತಿಳಿಸಿ. 1999ರಲ್ಲಿ ಅಂಗೀಕಾರವಾಗಿ 2004ರಿಂದ ಜಾರಿಯಾದ ಅಲ್ಲಿನ ಕಾನೂನು ಮೆಡಿಕಲ್, ಸರ್ಜಿಕಲ್ ವಾರ್ಡಿಗೆ ಮೊದಲು 1:6, 2005ರಿಂದ 1:5 ಎಂದು ಕನಿಷ್ಠ ಮಿತಿಯನ್ನು ಇಟ್ಟಿದೆ. ಅದರ ಮೇಲೆ ಅಕ್ಯುಟಿ ವ್ಯವಸ್ಥೆಯೂ ಕಡ್ಡಾಯ. ರೋಗಿಗಳ ಅಗತ್ಯ ಹೆಚ್ಚಿದರೆ ಅದು ಸಂಖ್ಯೆಯನ್ನು ಏರಿಸಬಹುದು, ಮಿತಿಗಿಂತ ಕೆಳಗೆ ಇಳಿಸುವಂತಿಲ್ಲ. ರಾತ್ರಿಯ ಅಗತ್ಯ ಹಗಲಿಗಿಂತ ಕಡಿಮೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 2016ರಲ್ಲಿ ತಂದ ನಿಯಮದಲ್ಲೂ ಬೆಳಿಗ್ಗೆ ಮತ್ತು ಮಧ್ಯಾಹ್ನದ ಪಾಳಿಗೆ ಸರಾಸರಿ 1:4, ರಾತ್ರಿಗೆ 1:7 ಎಂದಿದೆ. ಆದರೆ ನಮ್ಮಲ್ಲಿ ರಾತ್ರಿ ಎಂದರೆ ಎಷ್ಟೋ ಕಡೆ ಹನ್ನೆರಡಕ್ಕೋ ಹದಿನೈದಕ್ಕೋ ಒಬ್ಬರು. ವೈದ್ಯರು ಕಡಿಮೆ ಇರುವ, ಜೊತೆಗಿರುವವರು ಮಲಗಿರುವ ಆ ಹೊತ್ತಿನಲ್ಲಿ ರೋಗಿ ಹದಗೆಡುತ್ತಿರುವುದನ್ನು ಕಾಣಬೇಕಾದವರು ನರ್ಸ್ ಮಾತ್ರ. ಆದ್ದರಿಂದ ನಿಮ್ಮ ಈಗಿನ ಸಂಖ್ಯೆಯನ್ನು ಮೂರೂ ಪಾಳಿಗಳಿಗೆ ಕನಿಷ್ಠ ಮಿತಿ ಎಂದು ಲಿಖಿತವಾಗಿ ಒಪ್ಪಿಸಿಕೊಂಡ ಮೇಲೆಯೇ ಅಂಕ ಹಾಕಲು ಆರಂಭಿಸಿ. ಒಂದು ಮೆಡಿಕಲ್, ಒಂದು ಸರ್ಜಿಕಲ್ ವಾರ್ಡಿನಲ್ಲಿ ಮೊದಲ ಮೂರು ತಿಂಗಳು ಯಾರನ್ನೂ ಎಲ್ಲಿಗೂ ಕಳುಹಿಸದೆ, ಪ್ರತಿ ಪಾಳಿಯ ಅಂಕ, ಹೋಗು-ಬರುವು, ಪಾಳಿ ಮುಗಿದಾಗಿನ ನರ್ಸ್‌ಗಳ ತೀರ್ಪು ಇವನ್ನಷ್ಟೇ ದಾಖಲಿಸಿ. ಅದೇ ಅವಧಿಯ ಬೆಡ್ ಸೋರ್, ಬೀಳುವಿಕೆ, ಔಷಧಿ ತಪ್ಪು, ತುರ್ತಾಗಿ ಐಸಿಯುಗೆ ಹೋದವರ ದಾಖಲೆಯನ್ನು ಪಾಳಿವಾರು ಪಕ್ಕದಲ್ಲಿಡಿ. ಆ ಹಾಳೆಗಳನ್ನು ಮೊದಲು ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ತೋರಿಸಿ, ಸಾಫ್ಟ್‌ವೇರಿನ ಹಣ ಕಟ್ಟುವ ನಿರ್ಧಾರವನ್ನು ಅಲ್ಲಿಯವರೆಗೆ ಮುಂದೂಡಲು ಕೇಳಿಕೊಳ್ಳಿ.